ಜ಼ೊಲ್ತಾನ್: ಹಂಗೇರಿಯ ಹುಡುಗನಿಗೆ ಸುಲ್ತಾನನ ಹೆಸರು ಬಂದ ಕಥೆ

ವಿಡಿಯೋ ಪೂರ್ತಿ ನೋಡೋಕೆ ಟೈಮ್ ಇಲ್ಲ, ಮೆಟ್ರೋದಲ್ಲೋ ಆಫೀಸ್ ಕ್ಯಾಬಲ್ಲೋ ಓದ್ಕೊಂಡು ಹೋಗ್ತೀವಿ ಅನ್ನೋರಿಗಾಗಿ, ಎಂದಿನ ಹಾಗೆ ಈ ಸಲದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ತಡವರಿಸಿದ ಕಡೆ ಸ್ವಲ್ಪ ತಿದ್ದಿದ್ದೀನಿ, ಒಂದೆರಡು ಕಡೆ ಬಿಟ್ಟುಹೋದದ್ದನ್ನ ಸೇರಿಸಿದ್ದೀನಿ. ಉಳಿದದ್ದೆಲ್ಲ ಅದೇ.

ನಾನು ಪುಣೆಯಲ್ಲಿ ಕೆಲಸ ಮಾಡೋದು ನಿಮಗೆ ಗೊತ್ತು. ನಮ್ಮ ಟೀಮಿನ ಅರ್ಧ ಜನ ಇರೋದು ಬುಡಾಪೆಸ್ಟ್‌ನಲ್ಲಿ. ಅವರಲ್ಲಿ ಇಬ್ಬರ ಹೆಸರು ಮೊದಲ ದಿನದಿಂದ ನನ್ನ ನಾಲಿಗೆಗೆ ಕಷ್ಟ ಕೊಟ್ಟಿತ್ತು. ಒಬ್ಬ ಜ಼ೊಲ್ತಾನ್, ಇನ್ನೊಬ್ಬ ಝೊಲ್ತ್. ಒಂದು ವರ್ಷ ನಾನು ಮೊದಲನೆಯವನನ್ನ ಜೋಲ್ಟನ್, ಜೋಲ್ಟನ್ ಅಂತ ಕರೆದೆ, ಏನೋ ಜೋಲಿ ಹೊಡೆಯೋನ ಥರ. ಎರಡನೆಯವನ ಹೆಸರಲ್ಲಿ ಝೆಡ್ ಆದಮೇಲೆ ಎಸ್ ಇದೆ. ಅದನ್ನ ಹೇಗೆ ಹೇಳೋದು ಅಂತ ಗೊತ್ತಾಗದೆ ಕಾಲ್‌ನಲ್ಲಿ ಹೆಸರು ಹಿಡಿಯದೇನೆ ಮಾತಾಡಿ ತಪ್ಪಿಸಿಕೊಳ್ತಿದ್ದೆ. ಇಬ್ಬರದೂ ಮೂಲದಲ್ಲಿ ಒಂದೇ ಹೆಸರು ಅಂತ ಆಗ ಯಾರಾದ್ರೂ ಹೇಳಿದ್ರೆ ನಂಬ್ತಿರಲಿಲ್ಲ.

ಎರಡು ವರ್ಷದ ಹಿಂದೆ ಎರಡು ವಾರಕ್ಕೆ ಅಲ್ಲಿಗೆ ಕಳಿಸಿದ್ರು. ಒಂದು ಭಾನುವಾರ ಜ಼ೊಲ್ತಾನ್ ಊರು ತೋರಿಸ್ತೀನಿ ಅಂತ ವೀರರ ಚೌಕಕ್ಕೆ ಕರ್ಕೊಂಡು ಹೋದ. ಹಂಗೇರಿಯನ್ನರು ಆ ನೆಲಕ್ಕೆ ಬಂದು ಸಾವಿರ ವರ್ಷ ಆಯ್ತು ಅಂತ 1896ರಲ್ಲಿ ದೊಡ್ಡ ಹಬ್ಬ ಮಾಡಿದ್ರು. ಆ ನೆನಪಿಗೆ ಕಟ್ಟಿದ ಜಾಗ ಅದು. ನಡುವೆ ಎತ್ತರದ ಕಂಬ, ತುದಿಯಲ್ಲಿ ಗೇಬ್ರಿಯಲ್ ದೇವದೂತ, ಬುಡದಲ್ಲಿ ಕುದುರೆ ಏರಿದ ಏಳು ಜನ ನಾಯಕರು. ನಾನು ಹೊರಡೋ ಮುಂಚೆ ಸ್ವಲ್ಪ ಓದ್ಕೊಂಡಿದ್ದೆ. ಓದಿದ್ದನ್ನ ಹೇಳದೇ ಇರೋಕೆ ಆಗುತ್ತಾ? "ನಿನ್ನ ಹೆಸರು ಅಂದ್ರೆ ಸುಲ್ತಾನ್ ಅಲ್ವಾ? ಟರ್ಕಿಯವರು ಇಲ್ಲಿ ನೂರೈವತ್ತು ವರ್ಷ ಆಳಿದ್ರಲ್ಲ, ಆಗ ಬಂದಿರಬೇಕು" ಅಂದೆ.

ಅವನು ಒಂದು ಕ್ಷಣ ಸುಮ್ಮನಾದ. ನಾನು ಏನೋ ಎಡವಟ್ಟು ಮಾಡಿದ್ದೀನಿ ಅಂತ ಆಗಲೇ ಗೊತ್ತಾಯ್ತು. ಆಮೇಲೆ ಏಳು ಜನರಲ್ಲಿ ಮುಂದಿರೋ ಕುದುರೆ ಸವಾರನ್ನ ತೋರಿಸಿ ಹೇಳಿದ: "ಮೊದಲರ್ಧ ಸರಿ. ಎರಡನೇ ಅರ್ಧ ತಪ್ಪು. ಇದು ಇವನ ಮಗನ ಹೆಸರು. ಟರ್ಕಿಯವರು ಬರೋದಕ್ಕಿಂತ ಆರುನೂರು ವರ್ಷ ಹಳೇದು."

ಈ ತಪ್ಪು ನಾನೊಬ್ಬನೇ ಮಾಡಿದ್ದಲ್ಲ ಅಂತ ಆಮೇಲೆ ತಿಳೀತು. ಆದ್ರೆ ಅದು ಯಾಕೆ ಚುಚ್ಚುತ್ತೆ ಅನ್ನೋದು ತಿಳಿಯಬೇಕಾದ್ರೆ ಹೆಸರಿನ ಪೂರ್ತಿ ದಾರಿ ನೋಡಬೇಕು.

ಮೊದಲು ಉಚ್ಚಾರಣೆ ಮುಗಿಸಿಬಿಡೋಣ. ಇಲ್ಲಿ ನಮಗೆ ಒಂದು ಅನುಕೂಲ ಇದೆ. ಹಂಗೇರಿಯನ್ ಅಕ್ಷರದ ಮೇಲೆ ಎಳೆಯೋ ಆ ಸಣ್ಣ ಓರೆಗೆರೆ ಇದೆಯಲ್ಲ, ಅದು ಒತ್ತಿ ಹೇಳು ಅನ್ನೋ ಗುರುತಲ್ಲ, ದೀರ್ಘದ ಗುರುತು. ಥೇಟ್ ನಮ್ಮ ದೀರ್ಘ. ಒತ್ತು ಯಾವಾಗಲೂ ಮೊದಲ ಅಕ್ಷರದ ಮೇಲೆ. ಈ ಹೆಸರಲ್ಲಿ ಒ ಹ್ರಸ್ವ, ಆ ದೀರ್ಘ. ಹ್ರಸ್ವ ಒ ಮತ್ತು ದೀರ್ಘ ಓ ಎರಡಕ್ಕೂ ಬೇರೆ ಅಕ್ಷರ ನಮ್ಮ ಲಿಪಿಯಲ್ಲಿದೆ, ಹಿಂದಿಯಲ್ಲಿ ಬರೆಯೋಕೆ ಹೋದ್ರೆ ಅಲ್ಲೇ ಸಿಕ್ಕಿಹಾಕ್ಕೊಳ್ತೀರಿ. ಇನ್ನು ಅವರ ಟಿ ಅನ್ನೋದು ಇಂಗ್ಲಿಷಿನ ಟ ಅಲ್ಲ, ನಾಲಿಗೆ ಹಲ್ಲಿಗೆ ತಾಗೋ ನಮ್ಮ ತ. ಹಾಗಾಗಿ ಜ಼ೊಲ್ತಾನ್. ಮೊದಲ ಅಕ್ಷರ ಉರ್ದುವಿನ ಜ಼ಮೀನ್‌ನಲ್ಲಿ ಬರೋ ಜ಼. ಝೆಡ್ ಮತ್ತು ಎಸ್ ಸೇರಿದ್ರೆ ಅದು ಅವರಲ್ಲಿ ಒಂದೇ ಅಕ್ಷರ, ಅವರ ವರ್ಣಮಾಲೆಯ ಕೊನೇ ಅಕ್ಷರ. ಇಂಗ್ಲಿಷಿನ ಮೆಷರ್ ಅನ್ನೋ ಪದದ ನಡುವಿನ ಸದ್ದು. ಅದಕ್ಕೆ ಕನ್ನಡದಲ್ಲಿ ಅಕ್ಷರ ಇಲ್ಲ, ಇಲ್ಲಿ ಝೊಲ್ತ್ ಅಂತ ಬರೆದು ಕೆಲಸ ನಡೆಸ್ತಾ ಇದ್ದೀನಿ.

ಈಗ ಆ ಕುದುರೆ ಸವಾರ. ಅವನು ಆರ್ಪಾದ್. ಸುಮಾರು 895ರಲ್ಲಿ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನಿಂದ ಮಾಗ್ಯಾರ್ ಬುಡಕಟ್ಟುಗಳು ಕಾರ್ಪೇಥಿಯನ್ ಬೆಟ್ಟ ದಾಟಿ ಈಗಿನ ಹಂಗೇರಿಗೆ ಇಳಿದಾಗ ಅವರ ಮುಖಂಡ. ಅವನಿಗೆ ಹಲವು ಗಂಡುಮಕ್ಕಳು. ಇದು ನಮಗೆ ಗೊತ್ತಾಗೋದು ಬೈಜಾಂಟಿಯಮ್‌ನ ಚಕ್ರವರ್ತಿ ಏಳನೇ ಕಾನ್‌ಸ್ಟಾಂಟೈನ್ ಸುಮಾರು 950ರಲ್ಲಿ ತನ್ನ ಮಗನಿಗೆ ರಾಜ್ಯಭಾರ ಕಲಿಸೋಕೆ ಅಂತ ಗ್ರೀಕ್‌ನಲ್ಲಿ ಬರೆಸಿದ ಪುಸ್ತಕದಿಂದ. ಆರ್ಪಾದನ ವಂಶದವನೇ ಒಬ್ಬ ಆ ಕಾಲಕ್ಕೆ ಕಾನ್‌ಸ್ಟಾಂಟಿನೋಪಲ್‌ಗೆ ಬಂದು ಹೋಗಿದ್ದ, ಹಾಗಾಗಿ ಮಾಹಿತಿ ಮನೆಯವರಿಂದಲೇ ಸಿಕ್ಕಿರಬೇಕು. ಅದರಲ್ಲಿ ನಾಲ್ಕನೇ ಮಗ ಅಂತ ಬರೆದಿರೋ ಹೆಸರು: ಜ಼ಲ್ತಾಸ್. ಕೊನೆಯ ಸಕಾರ ಗ್ರೀಕರು ಎಲ್ಲ ಗಂಡಸರ ಹೆಸರಿಗೂ ಅಂಟಿಸೋದು, ಅದನ್ನ ತೆಗೆದುಬಿಡಿ.

ಈ ನಾಲ್ಕನೇ ಮಗನಿಂದಲೇ ಮುಂದಿನ ಕಥೆಯೆಲ್ಲ. ಅವನ ಮಗ ತಕ್ಶೋನ್, ತಕ್ಶೋನ್‌ನ ಮಗ ಗೇಜ಼, ಗೇಜ಼ನ ಮಗ ಇಶ್ತ್ವಾನ್. ಹಂಗೇರಿಯ ಮೊದಲ ರಾಜ, ಕ್ರಿ.ಶ. 1000ದ ಹೊತ್ತಿಗೆ ಕಿರೀಟ ಇಟ್ಟುಕೊಂಡವನು, ಸಂತ ಸ್ಟೀಫನ್ ಅಂತ ಪ್ರಪಂಚಕ್ಕೆ ಗೊತ್ತಿರೋನು. 1301ರವರೆಗೆ ಆಳಿದ ಆರ್ಪಾದ್ ವಂಶದ ರಾಜರೆಲ್ಲ ಇದೇ ಕವಲಿನವರು. ಅಂದ್ರೆ ವಂಶಕ್ಕೆ ಅಪ್ಪನ ಹೆಸರು ಬಂತು, ವಂಶ ಬೆಳೆದದ್ದು ಈ ಮಗನಿಂದ.

ಅಪ್ಪನ ಹೆಸರಿನ ಅರ್ಥ ಗೊತ್ತಾ? ಹಂಗೇರಿಯನ್‌ನಲ್ಲಿ ಆರ್ಪ ಅಂದ್ರೆ ಬಾರ್ಲಿ, ಜವೆಗೋಧಿ. ಆರ್ಪಾದ್ ಅಂದ್ರೆ ಪುಟ್ಟ ಬಾರ್ಲಿ. ಬಾರ್ಲಿಯ ಮಗ ಸುಲ್ತಾನ! ಹಂಗೇರಿಯನ್ ಭಾಷೆ ಮೂಲದಲ್ಲಿ ತುರ್ಕಿ ಭಾಷೆಗಳ ಮನೆತನದ್ದಲ್ಲ, ಫಿನ್ನಿಶ್‌ಗೆ ದೂರದ ನೆಂಟ. ಆದ್ರೆ ಹುಲ್ಲುಗಾವಲಿನಲ್ಲಿ ಅವರು ತಲೆಮಾರುಗಟ್ಟಲೆ ತುರ್ಕಿ ಮಾತಾಡೋ ಜನರ ನಡುವೆ, ಖಜ಼ಾರರ ನೆರಳಲ್ಲಿ ಬದುಕಿದವರು. ಸೇಬು, ಗೋಧಿ, ಬಾರ್ಲಿ, ಕರು ಇವಕ್ಕೆಲ್ಲ ಅವರ ಪದಗಳು ಆ ಕಾಲದ ಹಳೇ ತುರ್ಕಿಯಿಂದಲೇ ಬಂದವು. ಹೊಲದ ಪದ ಬಂದ ದಾರಿಯಲ್ಲೇ ಆಳೋರ ಪದವೂ ಬಂತು.

ಆಳುವವರ ಪದವಿಯನ್ನೇ ಮಗುವಿಗೆ ಹೆಸರಾಗಿ ಇಡೋದು ಅವರಲ್ಲಿ ಒಂದೇ ಸಲ ನಡೆದದ್ದಲ್ಲ. ದ್ಯುಲ ಅನ್ನೋ ಇನ್ನೊಂದು ಹಂಗೇರಿಯನ್ ಹೆಸರು ಕೂಡ ಆ ಕಾಲದ ಒಬ್ಬ ದೊಡ್ಡ ಅಧಿಕಾರಿಯ ಪದವಿಯಾಗಿತ್ತು. ನಾವೇನು ಕಮ್ಮಿಯಾ? ರಾಜ, ಅರಸು, ನಾಯಕ, ಎಲ್ಲ ನಮ್ಮಲ್ಲೂ ಹೆಸರೇ.

ಇನ್ನು ಸುಲ್ತಾನ್ ಅನ್ನೋ ಪದ. ಇದು ಅರಬ್ಬಿ, ಅದರ ಬೇರು ಇನ್ನೂ ಹಿಂದಕ್ಕೆ ಅರಮಾಯಿಕ್‌ಗೆ ಹೋಗುತ್ತೆ. ಶುರುವಿನಲ್ಲಿ ಅದು ವ್ಯಕ್ತಿಯನ್ನ ಸೂಚಿಸ್ತಿರಲೇ ಇಲ್ಲ. ಅಧಿಕಾರ, ಬಲ ಅನ್ನೋ ಗುಣವಾಚಕದಂಥ ಪದ ಅದು. ಕುರಾನಿನಲ್ಲೂ ಅದೇ ಅರ್ಥದಲ್ಲಿ ಬರುತ್ತೆ. ಆಮೇಲೆ ಸರ್ಕಾರ ಅನ್ನೋ ಅರ್ಥ ಬಂತು, ಕೊನೆಗೆ ಅಧಿಕಾರ ಯಾರ ಕೈಲಿದೆಯೋ ಅವನೇ ಸುಲ್ತಾನ್ ಆದ. ನಮ್ಮ ಪೇಪರ್‌ಗಳಲ್ಲಿ ಹೈಕಮಾಂಡ್ ಅನ್ನೋ ಪದಕ್ಕೆ ಆದ ಹಾಗೆ. ಅದು ಒಂದು ವ್ಯವಸ್ಥೆಯ ಹೆಸರು, ಆದ್ರೆ ಹೈಕಮಾಂಡ್ ಕರೆದಿದೆ, ಹೈಕಮಾಂಡ್ ಮುನಿಸಿಕೊಂಡಿದೆ ಅಂದಾಗ ಕಣ್ಣ ಮುಂದೆ ಬರೋದು ಒಂದು ಮುಖ. ಮನೆಯಲ್ಲಿ ಹೈಕಮಾಂಡ್ ಯಾರು ಅಂತ ನಾನು ಹೇಳಬೇಕಾಗಿಲ್ಲ.

ಇಲ್ಲಿ ಯಾರಾದ್ರೂ ಒಂದು ಬಗ್ ಹಿಡೀಬಹುದು. ಸುಲ್ತಾನ್ ಅನ್ನೋದು ಅಧಿಕೃತ ಬಿರುದಾಗಿ ಗಟ್ಟಿಯಾಗಿದ್ದು ಘಜ಼್ನಿಯ ಮಹಮೂದನ ಕಾಲಕ್ಕೆ, ಸೆಲ್ಜುಕ್ ತುರ್ಕರ ಕಾಲಕ್ಕೆ. ಅಂದ್ರೆ ಹನ್ನೊಂದನೇ ಶತಮಾನ. ಆರ್ಪಾದನ ಮಗ ಬದುಕಿದ್ದು ಹತ್ತನೇ ಶತಮಾನದ ಮೊದಲರ್ಧದಲ್ಲಿ. ಬಿರುದಿಗಿಂತ ಮುಂಚೆ ಹೆಸರು ಬಂತಾ? ನನ್ನ ಲೆಕ್ಕದಲ್ಲಿ ಇದು ಬಗ್ ಅಲ್ಲ. ನಾಣ್ಯದ ಮೇಲೆ ಬಿರುದು ಅಚ್ಚಾಗೋ ಮುಂಚೆ ಪದ ಜನರ ಬಾಯಲ್ಲಿ ನೂರಾರು ವರ್ಷ ಓಡಾಡಿರುತ್ತೆ. ಖಜ಼ಾರರ ಪೇಟೆಗಳಿಗೆ ಮುಸ್ಲಿಂ ವ್ಯಾಪಾರಿಗಳು ಬರ್ತಿದ್ರು. ವೋಲ್ಗಾ ದಂಡೆಯ ಬಲ್ಗಾರರ ಹತ್ತಿರ 922ರಲ್ಲಿ ಬಾಗ್ದಾದಿನ ನಿಯೋಗವೇ ಬಂದಿತ್ತು, ಅದರ ಜೊತೆ ಬಂದ ಇಬ್ನ್ ಫಜ಼್ಲಾನ್ ತನ್ನ ಪ್ರಯಾಣದ ಕಥೆ ಬರೆದಿಟ್ಟಿದ್ದಾನೆ. ಅರಮನೆಯ ಮುದ್ರೆ ಬೀಳೋಕೆ ಮೊದಲೇ ಪದ ಸಂತೆ ದಾಟಿ ಬಂದಿತ್ತು ಅನ್ನೋದ್ರಲ್ಲಿ ಆಶ್ಚರ್ಯ ಇಲ್ಲ.

ಆಮೇಲೆ ಹೆಸರು ಮಾಯವಾಯ್ತು. ಮರಿಮಗ ಇಶ್ತ್ವಾನ್‌ನ ಹುಟ್ಟುಹೆಸರು ವಯ್ಕ್. ಅದೂ ತುರ್ಕಿ ಮೂಲದ್ದು ಅಂತಾರೆ. ಕ್ರೈಸ್ತನಾದಾಗ ಅದನ್ನ ಬಿಟ್ಟ. ರಾಜನೇ ಬಿಟ್ಟಮೇಲೆ ಊರು ಬಿಡದೆ ಇರುತ್ತಾ? ನಿಧಾನವಾಗಿ ದೇಶದ ತುಂಬ ಸಂತರ ಹೆಸರುಗಳು: ಯಾನೋಶ್, ಪೇತೆರ್, ಮಿಹಾಯ್, ಮಿಕ್ಲೋಶ್. ಸಂತ ಜ಼ೊಲ್ತಾನ್ ಅಂತ ಯಾರೂ ಇರಲಿಲ್ಲವಲ್ಲ. ಊರ ಹೆಸರುಗಳಲ್ಲಿ, ಹಳೇ ದಾನಪತ್ರಗಳಲ್ಲಿ ಉಳಿದು, ತೊಟ್ಟಿಲಿನಿಂದ ಕೆಳಗಿಳಿಯಿತು.

ಟರ್ಕಿಯವರು ಬಂದದ್ದು ಇದಾದಮೇಲೆ. 1526ರ ಆಗಸ್ಟ್ 29, ಮೊಹಾಚ್ ಅನ್ನೋ ಬಯಲಲ್ಲಿ ಸುಲೇಮಾನ್ ಸುಲ್ತಾನನ ಎದುರು ಹಂಗೇರಿಯ ಸೈನ್ಯ ಒಂದೇ ಮಧ್ಯಾಹ್ನದಲ್ಲಿ ಮಣ್ಣಾಯಿತು. ಇಪ್ಪತ್ತು ವರ್ಷದ ರಾಜ ಎರಡನೇ ಲಯೋಶ್ ಓಡಿಹೋಗುವಾಗ ಸತ್ತ. 1541ರಲ್ಲಿ ಬುಡಾ ಕೋಟೆ ಹೋಯ್ತು, ತಿರುಗಿ ಸಿಕ್ಕಿದ್ದು 1686ರಲ್ಲಿ. ಇದನ್ನ ಅಲ್ಲಿನವರು ಇವತ್ತಿಗೂ ನಿನ್ನೆ ಮೊನ್ನೆ ಆದ ಹಾಗೆ ಹೇಳ್ತಾರೆ. ನಾವು ತಾಳಿಕೋಟೆ, ಹಂಪಿ ಅಂತ ಹೇಳುವಾಗ ದನಿ ಬದಲಾಗುತ್ತಲ್ಲ, ಹಾಗೆ. ಚೌಕದಲ್ಲಿ ನಾನು ಹೇಳಿದ ಮಾತು ಯಾಕೆ ಚುಚ್ಚಿತು ಅಂತ ಈಗ ಗೊತ್ತಾಯ್ತಲ್ಲ. "ನಿನಗೆ ನಿನ್ನ ಊರು ಸುಟ್ಟವರ ಹೆಸರಿಟ್ಟಿದ್ದಾರೆ" ಅಂತ ನಗ್ತಾ ಹೇಳಿದ ಹಾಗಾಗಿತ್ತು ಅದು.

ಮಜಾ ಏನಂದ್ರೆ, ಆ ಕಾಲದ ಹಂಗೇರಿಯನ್ನರು ಇಸ್ತಾಂಬುಲ್‌ನ ಸುಲ್ತಾನನನ್ನ ಸಾಮಾನ್ಯವಾಗಿ ಸುಲ್ತಾನ್ ಅಂತಾನೇ ಕರೀತಿರಲಿಲ್ಲ. ತುರ್ಕಿ ಚಕ್ರವರ್ತಿ ಅಂತಿದ್ರು, ಸೀಸರ್‌ನಿಂದ ಬಂದ ಚಾಸಾರ್ ಅನ್ನೋ ಪದ ಹಾಕಿ. ಅಲ್ಲಿನ ಪ್ರತಿ ಮಗುವಿಗೂ ಗೊತ್ತಿರೋ ಒಂದು ಜಾನಪದ ಕಥೆ ಇದೆ: ಬಡವಿಯ ಹುಂಜಕ್ಕೆ ಕಸದಲ್ಲಿ ವಜ್ರದ ಕಾಸು ಸಿಗುತ್ತೆ, ಅದನ್ನ ತುರ್ಕಿ ಚಕ್ರವರ್ತಿ ಕಿತ್ಕೊಳ್ತಾನೆ, ಹುಂಜ ಹಠ ಹಿಡಿದು ವಾಪಸ್ ತರುತ್ತೆ. ಅದರಲ್ಲೂ ಅವನು ಚಾಸಾರ್. ಇವತ್ತಿನ ಹಂಗೇರಿಯನ್‌ನಲ್ಲಿ ಸುಲ್ತಾನ್‌ಗೆ ಸುಲ್ತಾನ್ ಅನ್ನೋ ಪದವೇ ಇದೆ, ಆದ್ರೆ ಅದು ಆಮೇಲೆ ಬೇರೆ ಬಾಗಿಲಿನಿಂದ ಬಂದದ್ದು. ಒಂದೇ ಪದ ಎರಡು ಸಲ ಮನೆಗೆ ಬಂದಿದೆ. ಮೊದಲು ಬಂದದ್ದು ಮನೆಮಗನಾಯ್ತು, ಎರಡನೇ ಸಲ ಬಂದದ್ದು ಪರದೇಶಿಯಾಗೇ ಉಳೀತು.

ಮತ್ತೆ ಮಗನ ಹೆಸರಿಗೆ ಬರೋಣ. ಅವತ್ತು ಚೌಕದ ಹಿಂದಿನ ಪಾರ್ಕಿಗೆ ಹೋದ್ವಿ. ಅಲ್ಲಿ ಮುಸುಕು ಹಾಕಿಕೊಂಡು ಕೂತ ಒಬ್ಬ ಬರಹಗಾರನ ಪ್ರತಿಮೆ ಇದೆ, ಮುಖ ಕಾಣೋದಿಲ್ಲ. ಸುಮಾರು 1200ರಲ್ಲಿ ಹಂಗೇರಿಯನ್ನರ ಹಳೇ ಕಥೆಯನ್ನ ಲ್ಯಾಟಿನ್‌ನಲ್ಲಿ ಬರೆದ ರಾಜನ ಗುಮಾಸ್ತ. ಹೆಸರು ಹೇಳಿಕೊಂಡಿಲ್ಲ, ಅದಕ್ಕೆ ಎಲ್ಲರೂ ಅನಾಮಿಕ ಅಂತಾರೆ. ಅವನ ಕೈಲಿರೋ ಲೇಖನಿ ಮುಟ್ಟಿದ್ರೆ ಬರವಣಿಗೆ ಬರುತ್ತೆ ಅಂತ ನಂಬಿಕೆ, ಮುಟ್ಟಿ ಮುಟ್ಟಿ ಅದು ಫಳಫಳ ಹೊಳೆಯುತ್ತೆ. ನಾನೂ ಮುಟ್ಟಿದೆ. ಈ ಅನಾಮಿಕ ಆರ್ಪಾದನ ಮಗನ ಹೆಸರನ್ನ ಝುಲ್ತ ಅಂತ ಕೂಡಿಸಿಕೊಳ್ಳಬಹುದಾದ ಅಕ್ಷರಗಳಲ್ಲಿ ಬರೆದಿದ್ದಾನೆ: ಝೆಡ್, ಯು, ಎಲ್, ಟಿ, ಎ.

ತೊಂದರೆ ಇರೋದೇ ಇಲ್ಲಿ. ಲ್ಯಾಟಿನ್ ಲಿಪಿ ಹಂಗೇರಿಯನ್ ಸದ್ದುಗಳಿಗೆ ಅಂತ ಮಾಡಿದ್ದಲ್ಲ. ಸ, ಶ, ಜ಼, ಮತ್ತೆ ಆ ಮೆಷರ್ ಸದ್ದು, ಈ ನಾಲ್ಕನ್ನೂ ಆಗಿನ ಬರಹಗಾರರು ಎಸ್ ಮತ್ತು ಝೆಡ್ ಎಂಬ ಎರಡೇ ಅಕ್ಷರದಲ್ಲಿ ಹೇಗೋ ಸುಧಾರಿಸ್ತಿದ್ರು. ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಹಳೇ ಫೈಲ್ ಒಂದನ್ನ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದಿದ್ದೀರಾ? ಅಕ್ಷರ ಇದೆ, ಆದ್ರೆ ಯಾವ ಅಕ್ಷರ ಯಾವ ಸದ್ದಿಗೆ ಅಂತ ಹೇಳೋ ಕೀಲಿ ಇಲ್ಲ. ಹಾಗೇ ಆಯ್ತು. ಒಂದೇ ಹಳೇ ಹೆಸರನ್ನ ಶೊಲ್ತ್ ಅಂತಲೂ ಓದಬಹುದು, ಝೊಲ್ತ್ ಅಂತಲೂ ಓದಬಹುದು, ಜ಼ೊಲ್ತ ಅಂತಲೂ ಓದಬಹುದು. ಹತ್ತೊಂಬತ್ತನೇ ಶತಮಾನದಲ್ಲಿ ಹಂಗೇರಿಯಲ್ಲಿ ಸ್ವಂತ ಭಾಷೆ, ಸ್ವಂತ ಇತಿಹಾಸದ ಹುಮ್ಮಸ್ಸು ಎದ್ದಾಗ, ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಕೈಕೆಳಗಿದ್ದ ಜನ ಆರ್ಪಾದ್, ಗೇಜ಼, ಬೇಲ ಅಂತ ಹಳೇ ಹೆಸರುಗಳನ್ನ ದೂಳು ಕೊಡವಿ ಮಕ್ಕಳಿಗೆ ಇಡೋಕೆ ಶುರು ಮಾಡಿದ್ರು. ಆಗ ಈ ಹೆಸರಿನ ಎರಡು ಓದೂ ಒಟ್ಟಿಗೆ ಚಲಾವಣೆಗೆ ಬಂದವು: ಝೊಲ್ತ್ ಒಂದು, ಜ಼ೊಲ್ತಾನ್ ಇನ್ನೊಂದು. ನಮ್ಮ ಟೀಮಿನ ಇಬ್ಬರು ಹೀಗೆ ಹುಟ್ಟಿದ್ರು.

ಜ಼ೊಲ್ತಾನ್ ಅನ್ನೋ ಓದು ಜನಪ್ರಿಯ ಆಗೋದ್ರಲ್ಲಿ ಕಾದಂಬರಿಯೊಂದರ ಕೈ ದೊಡ್ಡದು ಅಂತ ನನ್ನ ಅಭಿಪ್ರಾಯ. ಯೋಕೈ ಮೋರ್ ಅಂತ, ಹಂಗೇರಿಯಲ್ಲಿ ಮನೆಮನೆಯಲ್ಲೂ ಓದಿಸಿಕೊಂಡ ಕಾದಂಬರಿಕಾರ. ಅವನು 1853ರ ಸುಮಾರಿಗೆ ಬರೆದ ಒಂದು ಕಾದಂಬರಿಯ ಹೆಸರು ಕೇಳಿದ್ರೆ ಕಿವಿ ನಿಮಿರುತ್ತೆ: ಒಬ್ಬ ಹಂಗೇರಿಯನ್ ನಬಾಬ. ಹೌದು, ನಮ್ಮ ನವಾಬನೇ. ಭಾರತದಲ್ಲಿ ದುಡ್ಡು ಮಾಡಿಕೊಂಡು ವಾಪಸ್ ಹೋದ ಇಂಗ್ಲಿಷರನ್ನ ಅವರ ಊರಲ್ಲಿ ನೇಬಾಬ್ ಅಂತಿದ್ರು. ಆ ಪದ ಯೂರೋಪೆಲ್ಲ ಸುತ್ತಿ ಹಂಗೇರಿಗೂ ಬಂದಿತ್ತು. ಕಾದಂಬರಿಯ ನಬಾಬ ಕಾರ್ಪಾತಿ ಯಾನೋಶ್, ಆಸ್ತಿಯನ್ನ ಮೋಜಿಗೆ ಸುರಿಯೋ ಮುದುಕ ಜಮೀನ್ದಾರ. ಅವನಿಗೆ ಕೊನೆಗಾಲದಲ್ಲಿ ಹುಟ್ಟೋ ಮಗ ಜ಼ೊಲ್ತಾನ್. ಮುಂದಿನ ಭಾಗದ ಹೆಸರೇ ಕಾರ್ಪಾತಿ ಜ಼ೊಲ್ತಾನ್. ಅಪ್ಪ ಹೇಗಿರಬಾರದಿತ್ತೋ ಹಾಗಿದ್ದ, ಮಗ ಹೇಗಿರಬೇಕೋ ಹಾಗೆ: ಓದಿದವನು, ದೇಶಕ್ಕಾಗಿ ದುಡಿಯೋನು, 1838ರಲ್ಲಿ ಪೆಸ್ಟ್ ನಗರ ಡ್ಯಾನ್ಯೂಬ್ ಪ್ರವಾಹಕ್ಕೆ ಸಿಕ್ಕಾಗ ಜನರನ್ನ ಉಳಿಸೋನು. ನವಾಬನ ಮಗ ಸುಲ್ತಾನ ಅನ್ನೋ ತಮಾಷೆ ಯೋಕೈಗೆ ಹೊಳೆದಿತ್ತೋ ಇಲ್ಲವೋ, ಹೈದರಾಬಾದ್‌ನಲ್ಲಿ ಕೂತು ಇದನ್ನ ಓದ್ತಿರೋರಿಗಂತೂ ಹೊಳೆಯುತ್ತೆ.

ಆಮೇಲಿನ ತಲೆಮಾರಿನಲ್ಲಿ ಹೆಸರು ಎಲ್ಲ ಕಡೆ. 1882ರಲ್ಲಿ ಹುಟ್ಟಿದ ಕೊದಾಯ್ ಜ಼ೊಲ್ತಾನ್ ದೊಡ್ಡ ಸಂಗೀತಗಾರನಾದ, ಬಾರ್ತೋಕ್ ಬೇಲ ಜೊತೆ ಹಳ್ಳಿಹಳ್ಳಿ ತಿರುಗಿ ಜನಪದ ಹಾಡು ಸಂಗ್ರಹಿಸಿದ. ಮಕ್ಕಳಿಗೆ ಕೈಸನ್ನೆಯಿಂದ ಸ್ವರ ಕಲಿಸೋ ಪದ್ಧತಿಗೆ ಪ್ರಪಂಚದಲ್ಲೆಲ್ಲ ಅವನದೇ ಹೆಸರು. ಗಮನಿಸಿದ್ರಾ, ಕೊದಾಯ್ ಮೊದಲು, ಜ಼ೊಲ್ತಾನ್ ಆಮೇಲೆ. ಹಂಗೇರಿಯಲ್ಲಿ ಮನೆತನದ ಹೆಸರು ಮುಂದೆ, ತನ್ನ ಹೆಸರು ಕೊನೆಗೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂತ ನಾವು ಬರೆಯೋದೂ ಅದೇ ಕ್ರಮ ತಾನೇ. ಫಸ್ಟ್ ನೇಮ್, ಲಾಸ್ಟ್ ನೇಮ್ ಅನ್ನೋ ಎರಡು ಡಬ್ಬ ನೋಡಿದಾಗ ನಮಗೆ ಆಗೋ ಸಂಕಟ ಅವರಿಗೂ ಇದೆ. ನಮ್ಮ ಆಫೀಸ್ ಸಿಸ್ಟಮ್‌ನಲ್ಲಿ ಆರು ತಿಂಗಳು ಜ಼ೊಲ್ತಾನ್‌ಗೆ ಎಲ್ಲ ಮೇಲ್ ಅವನ ಮನೆತನದ ಹೆಸರು ಹಿಡಿದು ಡಿಯರ್ ಅಂತ ಹೋಗ್ತಿದ್ವು. ನನಗೆ ನಮ್ಮಪ್ಪನ ಹೆಸರಲ್ಲಿ ಬರ್ತವೆ.

ಇನ್ನೊಬ್ಬ ಜ಼ೊಲ್ತಾನ್ ಬಗ್ಗೆ ಹೇಳದಿದ್ರೆ ಮೈಸೂರಿನವರು ನನ್ನ ಬಿಡೋದಿಲ್ಲ. 1895ರಲ್ಲಿ ಹಂಗೇರಿಯ ಒಂದು ಹಳ್ಳಿಗಾಡಿನ ಯಹೂದಿ ಮನೆಯಲ್ಲಿ ಹುಟ್ಟಿದ ಜ಼ೊಲ್ತಾನ್ ಕೋರ್ದ. ಹುಟ್ಟಿದಾಗ ಮನೆತನದ ಹೆಸರು ಕೆಲ್ನರ್. ಯಹೂದಿ ಮನೆಯವರು ಮಗನಿಗೆ ಈ ಹೆಸರಿಟ್ಟಿದ್ರು ಅಂದ್ರೆ ಆ ಹೊತ್ತಿಗೆ ಅದು ಯಾವ ಮತದ್ದೂ ಅಲ್ಲದ, ಬರೀ ಹಂಗೇರಿಯನ್ ಹೆಸರಾಗಿತ್ತು ಅಂತ ಅರ್ಥ. ಅಣ್ಣ ಅಲೆಕ್ಸಾಂಡರ್ ಕೋರ್ದ ಲಂಡನ್ನಿನಲ್ಲಿ ಸಿನಿಮಾ ಕಂಪನಿ ಕಟ್ಟಿದ, ತಮ್ಮ ನಿರ್ದೇಶಕನಾದ. ಕಿಪ್ಲಿಂಗ್‌ನ ಆನೆ ಕಥೆ ಇಟ್ಟುಕೊಂಡು 1937ರಲ್ಲಿ ಬಂದ ಎಲಿಫೆಂಟ್ ಬಾಯ್ ಚಿತ್ರಕ್ಕೆ ಇಬ್ಬರು ನಿರ್ದೇಶಕರು: ಮೈಸೂರು ಸೀಮೆಯ ಕಾಡಿಗೆ ಬಂದು ಹೊರಾಂಗಣ ಚಿತ್ರೀಕರಣ ಮಾಡಿದ ರಾಬರ್ಟ್ ಫ್ಲಾಹರ್ಟಿ, ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಉಳಿದ ಭಾಗ ತೆಗೆದ ಜ಼ೊಲ್ತಾನ್ ಕೋರ್ದ. ಅದರ ಹುಡುಗ ಯಾರು? ಕಬಿನಿ ಹತ್ತಿರದ ಕಾರಾಪುರದ ಮಾವುತನ ಮಗ ಸಾಬು. ಇದೇ ಜ಼ೊಲ್ತಾನ್ 1942ರ ಜಂಗಲ್ ಬುಕ್‌ನಲ್ಲಿ ಸಾಬುವನ್ನೇ ಮೋಗ್ಲಿ ಮಾಡಿದ.

ಕೊನೆಯದಾಗಿ ಒಂದು. ಪುಣೆಗೆ ವಾಪಸ್ ಬಂದಮೇಲೆ ಈ ಸುಲ್ತಾನ್ ಪದ ನಮ್ಮ ಕಡೆ ಏನಾಯ್ತು ಅಂತ ಯೋಚಿಸ್ತಿದ್ದೆ. ಬಹಮನಿ, ಆದಿಲ್‌ಶಾಹಿ, ಟಿಪ್ಪು ಎಲ್ಲರಿಗೂ ನೆನಪಾಗುತ್ತೆ. ಆದ್ರೆ ಹಂಪಿಯ ಅರಸರ ಬಿರುದು ನೆನಪಿದೆಯಾ? ಹಿಂದೂರಾಯ ಸುರತ್ರಾಣ. ಹದಿನಾಲ್ಕನೇ ಶತಮಾನದಿಂದ ಶಾಸನಗಳಲ್ಲಿ ಬರುತ್ತೆ. ಶಾಲೆಯಲ್ಲಿ ಓದುವಾಗ ಅದೇನೋ ಶುದ್ಧ ಸಂಸ್ಕೃತ ಅಂದುಕೊಂಡಿದ್ದೆ. ಸುರ, ತ್ರಾಣ, ದೇವತೆಗಳನ್ನ ಕಾಯುವವನು ಅಂತ ಬಿಡಿಸಬಹುದು. ಆದ್ರೆ ಸುರತ್ರಾಣ ಅಂದ್ರೆ ಸುಲ್ತಾನ್, ಸಂಸ್ಕೃತದ ಉಡುಪು ತೊಟ್ಟ ಸುಲ್ತಾನ್. ದೆಹಲಿಯ, ಗುಲ್ಬರ್ಗದ ಸುಲ್ತಾನರ ಜೊತೆ ಕಾದಾಡ್ತಾ ಇದ್ದ ಅರಸರು ಆ ಪದವನ್ನೇ ತಗೊಂಡು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡ್ರು. ಅರಬ್ಬಿಯಲ್ಲಿ ಮೂಲ ಅರ್ಥ ಬಲ ಅಂತ ಹೇಳಿದೆನಲ್ಲ, ನಮ್ಮ ಆಡುಮಾತಿನಲ್ಲೂ ತ್ರಾಣ ಅಂದ್ರೆ ಬಲವೇ. ಕಾಕತಾಳೀಯ, ಆದ್ರೆ ಚೆನ್ನಾಗಿದೆ.

ಇದನ್ನ ಜ಼ೊಲ್ತಾನ್‌ಗೆ ಹೇಳೋಕೆ ಸರಿಯಾದ ದಿನ ಸಿಕ್ತು. ಹಂಗೇರಿಯಲ್ಲಿ ಪ್ರತಿ ಹೆಸರಿಗೂ ಕ್ಯಾಲೆಂಡರ್‌ನಲ್ಲಿ ಒಂದು ದಿನ, ಹುಟ್ಟುಹಬ್ಬದ ಹಾಗೇ ಆಚರಿಸ್ತಾರೆ. ಜ಼ೊಲ್ತಾನ್ ದಿನ ಮಾರ್ಚ್ 8. ಮಹಿಳಾ ದಿನಾಚರಣೆಯೂ ಅವತ್ತೇ, ಅವನಿಗೆ ಸಿಗಬೇಕಾದ ಕೇಕ್ ಪ್ರತಿ ವರ್ಷ ಪಾಲಾಗುತ್ತೆ ಅಂತ ಅವನ ದೂರು. ಕಾಲ್ ಮುಗಿದಮೇಲೆ ಶುಭಾಶಯ ಹೇಳಿ, ಚೌಕದಲ್ಲಿ ಆಡಿದ ಮಾತಿಗೆ ಸಾರಿ ಕೇಳಿ, ಸುರತ್ರಾಣದ ಕಥೆ ಹೇಳಿದೆ. "ಹಾಗಾದ್ರೆ ನಿಮ್ಮ ರಾಜರೂ ಜ಼ೊಲ್ತಾನ್‌ಗಳೇ" ಅಂದ. ಎರಡು ಸಲ ಸುರತ್ರಾಣ ಅಂತ ಹೇಳಿಸಿಕೊಂಡ. ಅವನ ಬಾಯಲ್ಲಿ ತ್ರ ಚೆನ್ನಾಗೇ ಬಂತು.

ಆಮೇಲೆ ತನ್ನ ಹೆಸರನ್ನ ಕನ್ನಡದಲ್ಲಿ ಬರೆದುಕೊಡು ಅಂದ. ಕೊಟ್ಟೆ. ಚಾಟ್ ಪ್ರೊಫೈಲ್‌ನಲ್ಲಿ ಹಾಕ್ಕೊಂಡಿದ್ದಾನೆ. ನನ್ನ ಫೋನಿನಲ್ಲಿ ಸರಿಯಾಗಿ ಕಾಣುತ್ತೆ. ಅವನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಜ ಕೆಳಗಿನ ಚುಕ್ಕಿ ಕಿತ್ತುಕೊಂಡು ಪಕ್ಕದಲ್ಲಿ ಒಂದು ಸೊನ್ನೆಯ ಮೇಲೆ ಹೋಗಿ ಕೂತಿದೆ. ಟಿಕೆಟ್ ಹಾಕಿದ್ದೀನಿ, ಇನ್ನೂ ಯಾರೂ ತೆಗೆದುಕೊಂಡಿಲ್ಲ.